ಹಗ್ಗದಿಂದ ಉದುರುವ ಕೆಂಪು ಪುಡಿ

ಜನವರಿ 9

ಪ್ರೀತಿಯ ಅಪ್ಪನಿಗೆ,

ಕಾಗದ ಕಂಡು ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ. ಭಾನುವಾರ ನಾನು ಫೋನು ಕುಕ್ಕಿದೆನಲ್ಲ, ಅದಕ್ಕೇ ಈ ಕಾಗದ. ನಾನಿನ್ನೂ "ಹಲೋ" ಅನ್ನುವಷ್ಟರಲ್ಲಿ ನೀವು "ಸಕ್ಕರೆ ಎಷ್ಟಿದೆ?" ಅಂದಿರಿ. ಹಿಂದಿನಿಂದ ಅಮ್ಮ, "ಊಟಕ್ಕೆ ಮುಂಚಿಂದಾ ಆಮೇಲಿಂದಾ, ಸರಿಯಾಗಿ ಕೇಳ್ರೀ" ಅಂದಳು. ಈ ಕಾಯಿಲೆ ಬಂದಾಗ ನನಗೆ ಎಂಟು ವರ್ಷ, ಈಗ ಮೂವತ್ಮೂರು. ಇಷ್ಟು ವರ್ಷದಲ್ಲಿ ನೀವಿಬ್ಬರೂ ಒಂದು ದಿನವಾದರೂ ಮೊದಲು "ಹೇಗಿದ್ದೀಯ" ಎಂದು ಕೇಳಿದ್ದು ನನಗಂತೂ ನೆನಪಿಲ್ಲ.

ಆದ್ದರಿಂದ ಇನ್ನು ಸ್ವಲ್ಪ ಕಾಲ ಫೋನು ಬೇಡ, ಕಾಗದ ಬರೆಯೋಣ. ಷರತ್ತು ಒಂದೇ: ಸಕ್ಕರೆಯ ಮಾತು ಎತ್ತುವ ಹಾಗಿಲ್ಲ. ಕತ್ತರಿ ಹಿಡಿದ ಕೈಗೆ ಪೆನ್ನು ಭಾರವಾಗಲಾರದು. ಸಲೂನಿನಲ್ಲಿ ದಿನವಿಡೀ ಊರವರ ಪಂಚಾಯಿತಿ ನಡೆಸುವ ನಿಮಗೆ ಬರೆಯಲು ವಿಷಯಕ್ಕೇನೂ ಬರವಿಲ್ಲ.

ನನ್ನ ಕೆಲಸ ಎಂದಿನಂತೆ ನಡೆದಿದೆ. ಲಿಫ್ಟ್ ಮೆಕ್ಯಾನಿಕ್ ಅಂದರೆ ಮೇಲಕ್ಕೂ ಕೆಳಕ್ಕೂ ಆರಾಮಾಗಿ ಓಡಾಡಿಕೊಂಡಿರುತ್ತಾಳೆ ಎಂದು ಜನ ತಿಳಿಯುತ್ತಾರೆ. ಲಿಫ್ಟ್ ಕೆಟ್ಟಾಗ ತಾನೇ ನಮ್ಮನ್ನು ಕರೆಯುವುದು? ಈ ಊರಿನಲ್ಲಿ ನನ್ನಷ್ಟು ಮೆಟ್ಟಿಲು ಹತ್ತಿದವರು ಇನ್ನೊಬ್ಬರಿರಲಿಕ್ಕಿಲ್ಲ.

ಈಗ ನಿಜವಾದ ಸುದ್ದಿ. ನಮಗೆ ಮಗು ಬೇಕು ಎಂದು ನಾನೂ ನಿಮ್ಮ ಅಳಿಯನೂ ನಿರ್ಧರಿಸಿದ್ದೇವೆ. ಡಾಕ್ಟರಮ್ಮನಿಗೆ ಹೇಳಿದೆವು. "ಇಪ್ಪತ್ತೈದು ವರ್ಷದ ಟೈಪ್ ಒನ್ ಡಯಾಬಿಟಿಸ್ ನಿಮ್ದು. ಮೊದ್ಲು ಹಾರ್ಟ್ ಹೇಗಿದೆ ನೋಡ್ಕೊಳ್ಳೋಣ, ಮಗು ವಿಷಯ ಆಮೇಲೆ" ಅಂದರು. ಅವರ ಆಸ್ಪತ್ರೆಯಲ್ಲೇ ಒಂದು ಸಂಶೋಧನೆ ನಡೆಯುತ್ತಿದೆ. ನನ್ನಂಥವರ ರಕ್ತದಲ್ಲಿ ಕೆಲವು ಪ್ರೊಟೀನುಗಳನ್ನು ಅಳೆದು, ಮುಂದೆ ಯಾರ ಹೃದಯಕ್ಕೆ ತೊಂದರೆ ಬರಬಹುದು ಎಂದು ವರ್ಷಗಳ ಮೊದಲೇ ಹೇಳಲು ನೋಡುತ್ತಿದ್ದಾರೆ. ನಾನೂ ಹೆಸರು ಕೊಟ್ಟಿದ್ದೇನೆ. ಮುಂದಿನ ತಿಂಗಳ ಕೊನೆಗೆ ರಕ್ತ ಕೊಡಬೇಕು. ಫಲಿತಾಂಶ ಡಾಕ್ಟರಮ್ಮನಿಗೂ ಹೋಗುತ್ತದೆ, ಅದನ್ನು ನೋಡಿಯೇ ಅವರು ಹೂಂ ಅನ್ನುವುದೋ ಉಹೂಂ ಅನ್ನುವುದೋ.

ನೀವೇನು ಹೇಳುತ್ತೀರೋ ಎಂದು ಕಾಯುತ್ತಿರುತ್ತೇನೆ.

ನಿಮ್ಮ ಮಗಳು
ಚೂಟಿ

ಜನವರಿ 21

ನಮ್ಮ ಚೂಟಿಗೆ, ಸಲೂನಿನ ಮೂಲೆ ಕುರ್ಚಿಯಿಂದ ಅಪ್ಪ ಬರೆಯುವುದು.

ಷರತ್ತು ಒಪ್ಪಿದ್ದೇನೆ. ಅಮ್ಮ ಒಪ್ಪಿಲ್ಲ, ಆದರೆ ಪೆನ್ನು ನನ್ನ ಕೈಯಲ್ಲಿದೆ. ಅವಳು ಬುತ್ತಿ ತಂದವಳು ಪಕ್ಕದಲ್ಲೇ ಕೂತು "ಅದನ್ನ ಬರೀರಿ, ಇದನ್ನ ಕೇಳ್ರಿ" ಎನ್ನುತ್ತಲೇ ಇದ್ದಾಳೆ. ನಾನು ಕಿವುಡನ ಹಾಗೆ ಬರೆಯುತ್ತಿದ್ದೇನೆ. ನಿನ್ನದು ಎಷ್ಟಿದೆ? ಏನು ಎಂದು ನಾನು ಹೇಳಿಲ್ಲ, ಗಮನಿಸು.

ಪ್ರೊಟೀನ್ ಅಂದರೆ ಮೊಟ್ಟೆ, ಹಾಲು ಅಷ್ಟೇ ಎಂದುಕೊಂಡಿದ್ದೆ. ನಮ್ಮ ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು ಶೇವಿಂಗಿಗೆ ಬಂದಾಗ ಕೇಳಿದೆ. "ರಕ್ತದಲ್ಲಿ ಸಾವಿರಾರು ಥರದ ಪ್ರೊಟೀನ್ ಇರುತ್ತೆ ಕಣಯ್ಯಾ, ನೀನು ತಿನ್ನೋ ಮೊಟ್ಟೆಗೂ ಇದಕ್ಕೂ ಎಲ್ಲಿಂದೆಲ್ಲಿಗೆ ಸಂಬಂಧ" ಎಂದು ಶುರು ಮಾಡಿದರು. ಬಾಯಿ ದೊಡ್ಡದಾಗಿ ತೆರೆದದ್ದರಿಂದ ನೊರೆ ಒಳಗೆ ಹೋಯಿತು. ಉಳಿದ ಪಾಠ ಮುಂದಿನ ವಾರಕ್ಕೆ.

ಕೊನೆಯಲ್ಲಿ ಬರೆದದ್ದನ್ನೂ ಓದಿದೆವು. ಇಲ್ಲಿ ಚಳಿ ಜಾಸ್ತಿ. ಸಲೂನಿನ ಬಾಗಿಲಿನ ಬಿಜಾಗರಿ ಕಿರುಗುಡುತ್ತಿದೆ, ಎಣ್ಣೆ ಬಿಡಬೇಕು. ಅಳಿಯಂದಿರನ್ನು ಕೇಳಿದೆನೆಂದು ಹೇಳು.

ಇಂತಿ ನಿನ್ನ
ಅಪ್ಪ

ಫೆಬ್ರವರಿ 5

ಪ್ರೀತಿಯ ಅಪ್ಪನಿಗೆ,

ಬಿಜಾಗರಿಗೆ ಎಣ್ಣೆ ಬಿಟ್ಟಿರಾ? ಮಗು ಬೇಕು ಎಂದು ಮಗಳು ಬರೆದರೆ ಬಾಗಿಲಿನ ಬಿಜಾಗರಿಯ ಕ್ಷೇಮಸಮಾಚಾರ ತಿಳಿಸುವ ಅಪ್ಪ ಲೋಕದಲ್ಲಿ ನೀವೊಬ್ಬರೇ. ನಿಮ್ಮ ಅಳಿಯ ಡ್ರಾಯಿಂಗ್ ಮೇಷ್ಟ್ರಾದ್ದರಿಂದ ಸಾಲುಗಳ ನಡುವಿನ ಖಾಲಿ ಜಾಗವನ್ನೂ ನೋಡುತ್ತಾರಂತೆ. "ಮಾವ ಬೇಡ ಅಂದಿಲ್ವಲ್ಲ" ಎಂದು ಸಮಾಧಾನ ಹೇಳಿದರು. ಹೌದು ಅನ್ನಲೂ ಇಲ್ಲವಲ್ಲ, ಅದು ನನ್ನ ಸಂಕಟ. ಯಾಕೆ ಉತ್ತರ ಕೊಡಲಿಲ್ಲ?

ಮೇಷ್ಟ್ರ ಪಾಠ ನೊರೆಯಲ್ಲಿ ಮುಳುಗಿತಲ್ಲ, ಉಳಿದದ್ದನ್ನು ನಾನು ಹೇಳುತ್ತೇನೆ. ಲಿಫ್ಟಿನ ಉಕ್ಕಿನ ಹಗ್ಗ ಒಂದೇ ದಿನಕ್ಕೆ ಕಡಿದು ಬೀಳುವುದಿಲ್ಲ. ಒಳಗಿನ ಎಳೆಗಳು ಒಂದಕ್ಕೊಂದು ಉಜ್ಜಿ ಸವೆಯತೊಡಗಿದರೆ ಹಗ್ಗದ ಮೇಲೆ ಕೆಂಪು ಪುಡಿ ಕಾಣಿಸಿಕೊಳ್ಳುತ್ತದೆ. ಆಗಲೂ ಹಗ್ಗ ಗಟ್ಟಿಮುಟ್ಟಾಗಿಯೇ ಇರುತ್ತದೆ, ಲಿಫ್ಟೂ ಓಡುತ್ತಿರುತ್ತದೆ, ಒಳಗೆ ನಿಂತವರು ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿರುತ್ತಾರೆ. ನಾವು ಬಿಳಿ ಬಟ್ಟೆಯಿಂದ ಹಗ್ಗವನ್ನು ಒರೆಸಿ ನೋಡುತ್ತೇವೆ. ಬಟ್ಟೆಗೆ ಕೆಂಪು ಹತ್ತಿದರೆ ಮೇಲೆ ಹೋಗಿ ಹುಡುಕಬೇಕು. ಈ ಸಂಶೋಧನೆಯವರೂ ಅದನ್ನೇ ಮಾಡುತ್ತಿದ್ದಾರೆ. ಅಲ್ಲಿನ ನರ್ಸ್ ಹೇಳಿದರು, "ಹಾರ್ಟಿನ ಸ್ನಾಯುಗೆ ಪೆಟ್ಟಾದ್ರೆ ಒಂದು ಪ್ರೊಟೀನ್ ರಕ್ತಕ್ಕೆ ಸೋರುತ್ತೆ. ಹಾರ್ಟಿನ ಗೋಡೆ ಮೇಲೆ ಒತ್ತಡ ಬಿದ್ರೆ ಇನ್ನೊಂದು ಬರುತ್ತೆ. ನಿಮಗೆ ಏನೂ ಗೊತ್ತಾಗದೇ ಇರುವಾಗ್ಲೇ ಅದು ನಮಗೆ ಗೊತ್ತಾಗ್ಬೇಕು."

ನನ್ನ ತಯಾರಿ ಭರ್ಜರಿಯಾಗಿದೆ. ದಿನಾ ಬೆಳಿಗ್ಗೆ ಓಟ. ಬೇಗ ಊಟ, ಬೇಗ ನಿದ್ದೆ. ರಕ್ತ ಕೊಡುವ ದಿನದವರೆಗೂ ಯಾವ ಲಿಫ್ಟಿನಲ್ಲೂ ಕಾಲಿಡುವುದಿಲ್ಲ, ಎಲ್ಲ ಮೆಟ್ಟಿಲೇ ಎಂದು ಶಪಥ ಮಾಡಿದ್ದೇನೆ. ನಿಮ್ಮ ಅಳಿಯ "ಯುದ್ಧಕಾಲೇ ಶಸ್ತ್ರಾಭ್ಯಾಸ" ಎಂದು ಹಂಗಿಸುತ್ತಾರೆ. ಹಂಗಿಸಲಿ ಬಿಡಿ.

ನಿಮ್ಮ
ಚೂಟಿ

ಮಾರ್ಚ್ 6

ಅಪ್ಪ,

ಫಲಿತಾಂಶ ಬಂತು. ಬಿಳಿ ಬಟ್ಟೆಗೆ ಕೆಂಪು ಹತ್ತಿದೆ. ಹೃದಯದ ಸ್ನಾಯುವಿನಿಂದ ಸೋರುವ ಪ್ರೊಟೀನ್ ಬಹಳ ಹೆಚ್ಚು, ಗೋಡೆಯ ಒತ್ತಡದ್ದು ಸ್ವಲ್ಪ ಹೆಚ್ಚು. ಡಾಕ್ಟರಮ್ಮ ಕೂಡಲೇ ಕರೆಸಿ "ಎದೆ ನೋವಿದ್ಯಾ, ಉಸಿರು ಕಟ್ಟುತ್ತಾ" ಎಂದೆಲ್ಲ ಕೇಳಿದರು. ಏನೂ ಇಲ್ಲ ಎಂದೆ. ಇಸಿಜಿ ತೆಗೆದರು, ಅದರಲ್ಲೂ ಏನೂ ಕಾಣಲಿಲ್ಲ. ಮತ್ತೊಮ್ಮೆ ರಕ್ತ ಕೊಡುವುದಕ್ಕೂ ಹೃದಯದ ಸ್ಕ್ಯಾನಿಗೂ ಮುಂದಿನ ತಿಂಗಳು ಸರದಿ ಸಿಕ್ಕಿದೆ. ಅಲ್ಲಿಯವರೆಗೆ ಮಗುವಿನ ಮಾತು ಬೇಡ ಎಂದರು.

ಹೊರಗೆ ಬಂದು ಇಬ್ಬರೂ ಬಸ್ ಸ್ಟಾಪಿನಲ್ಲಿ ಕೂತೆವು. ನಮ್ಮ ಕಡೆಗೆ ಹೋಗುವ ಬಸ್ಸುಗಳು ಬಂದವು, ಹೋದವು. ಇವರು ನನ್ನ ಟೂಲ್ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅದರ ಬಕಲನ್ನು ಹಾಕುವುದು ಬಿಚ್ಚುವುದು ಮಾಡುತ್ತಿದ್ದರು. ನಾನು ಆರೋಗ್ಯವಾಗಿಯೇ ಇದ್ದೇನೆ ಅನ್ನಿಸುತ್ತದೆ. ಅದೇ ನನಗೆ ಸಿಟ್ಟು.

ಚೂಟಿ

ಮಾರ್ಚ್ 12

ಚೂಟಿ,

ನಿನ್ನ ಕಾಗದ ಓದಿ ಅಮ್ಮ ಒಳಗೆ ಹೋದಳು. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ನಾನು ಸಲೂನಿಗೆ ಬಂದು ಷಟರ್ ಅರ್ಧ ಎಳೆದು ಬರೆಯುತ್ತಿದ್ದೇನೆ.

ಯಾಕೆ ಉತ್ತರ ಕೊಡಲಿಲ್ಲ ಎಂದು ಕೇಳಿದ್ದೆಯಲ್ಲ, ಹೇಳುತ್ತೇನೆ. ನನಗೆ ಹೆದರಿಕೆ. ಎಂಟು ವರ್ಷದ ನಿನ್ನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಾಗ ನಿನ್ನ ತಲೆ ನನ್ನ ತೋಳಿನಿಂದ ಜೋತುಬಿದ್ದಿತ್ತು. ಕರೆದರೆ ಓ ಅನ್ನಲಿಲ್ಲ. ಅವತ್ತು ಹತ್ತಿದ ಹೆದರಿಕೆ ಇವತ್ತಿಗೂ ಇಳಿದಿಲ್ಲ. ಫೋನಿನಲ್ಲಿ ನಾನು ಕೇಳುತ್ತಿದ್ದ ಆ ಒಂದು ಪ್ರಶ್ನೆಗೆ ಅದೇ ಕಾರಣ, ಬೇರೆ ಏನೂ ಅಲ್ಲ.

ಈಗ ಮಗು ಬೇಕು ಅನ್ನುತ್ತೀಯ. ನನಗೆ ಮಗು ಇದೆ, ಅದು ನೀನು. ನಿನ್ನನ್ನು ಕೊಟ್ಟು ಮೊಮ್ಮಗುವನ್ನು ತೆಗೆದುಕೊಳ್ಳುವ ವ್ಯಾಪಾರ ನನಗೆ ಬೇಡ. ನಿನ್ನ ರಕ್ತವೇ ಬೇಡ ಎಂದು ಹೇಳಿದ ಮೇಲೆ ಇನ್ನೂ ಯಾಕೆ ಹಟ? ಇಬ್ಬರೂ ಸುಖವಾಗಿರಿ, ಅಷ್ಟು ಸಾಕು.

ಅಪ್ಪ

ಏಪ್ರಿಲ್ 2

ಚೂಟಿಗೆ,

ನಿನ್ನಿಂದ ಕಾಗದವಿಲ್ಲ. ಪೋಸ್ಟ್‌ಮ್ಯಾನ್ ನನ್ನ ಹತ್ತಿರವೇ ತಲೆ ಕತ್ತರಿಸಿಕೊಳ್ಳುವವನು, ಬಂದಿದ್ದರೆ ಮರೆಯುವವನಲ್ಲ.

ಅಮ್ಮನೂ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನಿನಗೆ ಬರೆದದ್ದನ್ನು ಅವಳಿಗೆ ಹೇಳಿದ್ದೇ ತಪ್ಪಾಯಿತು. "ಇಷ್ಟು ವರ್ಷ ದಿನಾ ಸೂಜಿ ಚುಚ್ಕೊಂಡು ಅವಳು ಉಳ್ಕೊಂಡಿದ್ದು ಯಾತಕ್ಕೆ? ಬರೀ ಉಳ್ಕೊಳ್ಳೋಕಾ? ಬದುಕೋಕೆ ಅಲ್ವೇನ್ರೀ?" ಎಂದು ಕೇಳಿದಳು. ಅವತ್ತು ಸಲೂನಿನಲ್ಲಿ ಒಬ್ಬರ ಎಡಗಿವಿಯ ಪಕ್ಕದ ಕೃದಾ ಒಂದು ಬೆರಳು ಮೇಲೆ ಹೋಯಿತು, ಸರಿಮಾಡಲು ಹೋಗಿ ಬಲಗಡೆಯದು ಎರಡು ಬೆರಳು ಮೇಲೆ ಹೋಯಿತು. ಪಾಪ, ಮರುದಿನ ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು.

ಬೈಯುವುದಾದರೂ ಬರಿ.

ಅಪ್ಪ

ಏಪ್ರಿಲ್ 14

ಪ್ರೀತಿಯ ಅಪ್ಪನಿಗೆ,

ಬೈಯಬೇಕೆಂದೇ ಕೂತಿದ್ದೆ. ಬರೆದೆ, ಹರಿದೆ. ಆ ವ್ಯಾಪಾರದ ಮಾತು ನನಗೆ ತುಂಬ ನೋವು ಮಾಡಿತು. ನಾನು ತಕ್ಕಡಿಯಲ್ಲಿಟ್ಟ ಸಾಮಾನಲ್ಲ, ನನ್ನ ಮಗುವೂ ಅಲ್ಲ. ಇದನ್ನು ಹೇಳಿಯಾಯಿತು. ಈಗ ನಗುವ ಸುದ್ದಿ ಇದೆ, ಕುರ್ಚಿಯಲ್ಲಿ ಯಾರಾದರೂ ಇದ್ದರೆ ಕತ್ತಿ ಕೆಳಗಿಟ್ಟು ಓದಿ.

ಎರಡನೇ ಸಲ ರಕ್ತ ತೆಗೆಯುವ ಮುಂಚೆ ನರ್ಸ್ ಕೇಳಿದರು, "ಹೋದ್ಸಲ ಹಿಂದಿನ ದಿನ ಏನಾದ್ರೂ ಭಾರಿ ಕೆಲಸ ಮಾಡಿದ್ರಾ?"

"ಇಲ್ಲಪ್ಪ. ಚೆನ್ನಾಗಿ ಆರೋಗ್ಯ ನೋಡ್ಕೊಂಡಿದ್ದೆ."

"ನೋಡ್ಕೊಂಡಿದ್ದೆ ಅಂದ್ರೆ?"

"ಬೆಳಿಗ್ಗೆ ಎರಡು ಗಂಟೆ ಹೊತ್ತು ಓಡಿದೆ. ಆಮೇಲೆ ಒಂದು ಆಫೀಸಲ್ಲಿ ಲಿಫ್ಟ್ ಕೆಟ್ಟಿತ್ತು. ಹದಿನಾಲ್ಕನೇ ಮಹಡಿಗೆ ಸಾಮಾನು ಹೊತ್ಕೊಂಡು ಹತ್ತಿದೆ."

"ಒಂದ್ಸಲನಾ?"

"ಐದು ಸಲ. ಫೋರ್‌ಮನ್ ನಾನು ಹೋಗ್ತೀನಿ ಬಿಡಮ್ಮಾ ಅಂದ್ರು. ಒಳ್ಳೆ ಮಾರ್ಕ್ಸ್ ಬರ್ಲಿ ಅಂತ ನಾನೇ ಹೋದೆ."

ನರ್ಸ್ ಸಿರಿಂಜನ್ನು ತಟ್ಟೆಯಲ್ಲಿಟ್ಟು ನನ್ನನ್ನೇ ನೋಡಿದರು. "ಎರಡು ದಿನ ಮುಂಚಿಂದ ಮೈ ದಣಿಸ್ಬೇಡಿ ಅಂತ ದಪ್ಪಕ್ಷರದಲ್ಲಿ ಹಾಕಿದೀವಲ್ರೀ ನಿಮಗೆ ಕೊಟ್ಟ ಹಾಳೇಲಿ! ಹಾಗೆ ದಣಿದ್ರೆ ಗಟ್ಟಿಮುಟ್ಟಾಗಿರೋರ ಹಾರ್ಟಿಂದಾನೂ ಆ ಪ್ರೊಟೀನ್ ಸೋರುತ್ತೆ. ಎರಡು ಮೂರು ದಿನಕ್ಕೆ ಇಳಿದೂ ಹೋಗುತ್ತೆ."

ಹಾಳೆ ನನ್ನ ಬ್ಯಾಗಿನಲ್ಲೇ ಇತ್ತು. ನಾನು ಊಟದ ಬಗ್ಗೆ ಇದ್ದ ಸಾಲು ಮಾತ್ರ ಓದಿದ್ದೆ. ನಮ್ಮಂಥವರ ಕೈಗೆ ಯಾವ ಹಾಳೆ ಕೊಟ್ಟರೂ ಕಣ್ಣು ಮೊದಲು ಊಟದ ಸಾಲಿಗೇ ಹೋಗುತ್ತದೆ, ಅಲ್ಲಿಗೇ ನಿಲ್ಲುತ್ತದೆ. ಆಸ್ಪತ್ರೆಗೆ ಹೋಗುವ ಮುಂಚೆ ಒಳ್ಳೆಯ ಹುಡುಗಿಯಾಗಿಬಿಡುವ ಚಾಳಿ ಬೇರೆ. ಈ ಸಲ ಒಳ್ಳೆಯ ಹುಡುಗಿಯಾಗಲು ಹೋಗಿ ಕೆಟ್ಟೆ.

ನಿನ್ನೆ ಫಲಿತಾಂಶ ಬಂತು. ಸ್ನಾಯುವಿನ ಪ್ರೊಟೀನ್ ಇಳಿದು ಎಲ್ಲರಂತಾಗಿದೆ. ಸ್ಕ್ಯಾನಿನಲ್ಲಿ ಹೃದಯ ಚೆನ್ನಾಗಿ ಕೆಲಸ ಮಾಡುತ್ತಿದೆ. ಆದರೆ ಗೋಡೆಯ ಒತ್ತಡದ್ದು ಗಡಿಗಿಂತ ಈಗಲೂ ಸ್ವಲ್ಪ ಮೇಲೆಯೇ ಇದೆ, ಬಿ.ಪಿ.ಯೂ ಏರಿದೆ. ಅದಕ್ಕೆ ನಾನು ಹತ್ತಿದ ಮೆಟ್ಟಿಲು ಕಾರಣವಲ್ಲ. ಅಂದರೆ ಫೇಲಾಗಿಲ್ಲ, ಪೂರ್ತಿ ಪಾಸೂ ಅಲ್ಲ. ಮೇ ಹತ್ತೊಂಬತ್ತಕ್ಕೆ ಡಾಕ್ಟರಮ್ಮ ಕೂತು ಮಾತಾಡೋಣ ಎಂದಿದ್ದಾರೆ.

ನೀವೂ ಅಮ್ಮನೂ ಬನ್ನಿ. ಹೆದರಿಕೆಯನ್ನು ಲಕೋಟೆಯಲ್ಲಿ ಹಾಕಿ ನನಗೆ ಕಳಿಸಬೇಡಿ. ಅದನ್ನು ಜೊತೆಯಲ್ಲೇ ಕರೆತಂದು ಡಾಕ್ಟರಮ್ಮನ ಎದುರು ಕೂರಿಸಿ.

ನಿಮ್ಮ
ಚೂಟಿ

ಏಪ್ರಿಲ್ 21

ಬುದ್ಧಿವಂತೆಯಾದ ಮಗಳಿಗೆ,

ಬರುತ್ತೇವೆ. ಸಲೂನಿಗೆ ಬೀಗ ಹಾಕುತ್ತೇನೆಂದು ಈಗಲೇ ಬೋರ್ಡು ಬರೆಸಿದ್ದೇನೆ. ಪ್ರಶ್ನೆಗಳನ್ನು ಸಿದ್ಧ ಮಾಡಿಕೊಳ್ಳುತ್ತಿದ್ದೇನೆ, ನಿನ್ನ ಡಾಕ್ಟರಮ್ಮನಿಗೂ ಸಿದ್ಧವಾಗಿರಲು ಹೇಳು. ಐದು ಸಲ ಹತ್ತಿದೆಯಾ? ಅಮ್ಮ ನಗುತ್ತಿದ್ದಾಳೆ, ಮಧ್ಯೆ ಮಧ್ಯೆ ಕಣ್ಣೂ ಒರೆಸಿಕೊಳ್ಳುತ್ತಿದ್ದಾಳೆ. ನನ್ನ ಜೊತೆ ಮಾತು ಶುರುವಾಗಿದೆ.

ವ್ಯಾಪಾರದ ಮಾತಿನ ಬಗ್ಗೆ ಎದುರಿಗೇ ಮಾತಾಡೋಣ.

ಅಪ್ಪ

ಜೂನ್ 2

ಪ್ರೀತಿಯ ಅಪ್ಪನಿಗೆ,

ನೀವು ಊರು ತಲುಪಿದ್ದು ತಿಳಿಯಿತು. ಇಲ್ಲಿ ನಿಮ್ಮ ಅಳಿಯ ಅವತ್ತು ನೀವು ಡಾಕ್ಟರಮ್ಮನ ಜೊತೆ ನಡೆಸಿದ ಮಾತುಕತೆಯನ್ನು ಸಿಕ್ಕವರಿಗೆಲ್ಲ ಆಡಿ ತೋರಿಸುತ್ತಿದ್ದಾರೆ. ನಿನ್ನೆ ನಮ್ಮ ಫೋರ್‌ಮನ್ ಮನೆಗೆ ಬಂದಿದ್ದರು. ಅವರೆದುರು ಕುರ್ಚಿಯ ತುದಿಯಲ್ಲಿ ಕೂತು, ನಿಮ್ಮ ಹಾಗೆಯೇ ಬೆರಳು ಮಡಚಿಕೊಂಡು ಶುರು ಮಾಡಿದರು.

"ಹಿಂಗೆ ಪ್ರೊಟೀನ್ ಸ್ವಲ್ಪ ಜಾಸ್ತಿ ಇರೋರು ನೂರು ಜನ ಇದಾರೆ ಅಂತಿಟ್ಕೊಳ್ಳಿ. ಎಷ್ಟು ಜನಕ್ಕೆ ತೊಂದ್ರೆ ಆಗುತ್ತೆ?"

ಆಮೇಲೆ ದನಿ ಸಣ್ಣಗೆ ಮಾಡಿ ಡಾಕ್ಟರಮ್ಮನಾದರು. "ಕೆಲವರಿಗೆ. ಕಮ್ಮಿ ಇರೋರಿಗಿಂತ ಜಾಸ್ತಿ ಜನಕ್ಕೆ. ಆದ್ರೆ ಹೆಚ್ಚಿನೋರಿಗೆ ಆಗಲ್ಲ."

"ಅದ್ರಲ್ಲಿ ನನ್ನ ಮಗಳು ಯಾವ ಕಡೆ?"

"ಅದು ಗೊತ್ತಿದ್ದಿದ್ರೆ ಈ ಸಂಶೋಧನೇನೇ ಬೇಕಾಗಿರ್ಲಿಲ್ಲ ಯಜಮಾನ್ರೇ."

"ಅಡ್ಡಗೋಡೆ ಮೇಲೆ ದೀಪ ಇಟ್ಟಂಗಾಯ್ತು."

"ಹೌದು. ಆದ್ರೆ ದೀಪ ಇದೆ. ಮುಂಚೆ ಅದೂ ಇರ್ಲಿಲ್ಲ."

ಫೋರ್‌ಮನ್ ಬಿದ್ದು ಬಿದ್ದು ನಕ್ಕರು. ಅವರಿಗೆ ತುಂಬ ಇಷ್ಟವಾದದ್ದು ನೀವು ಬೋಳುತಲೆಯ ಲೆಕ್ಕ ತೆಗೆದದ್ದು. ಅಪ್ಪನ ತಲೆ ನೋಡಿ ಮಗ ಬೋಳಾಗುತ್ತಾನೋ ಇಲ್ಲವೋ ಎಂದು ನೀವೂ ಭವಿಷ್ಯ ಹೇಳುತ್ತೀರಿ, ಸುಮಾರು ಸಲ ಅದು ಸುಳ್ಳಾಗುತ್ತದೆ ಎಂದಿರಲ್ಲ. ಆಗ ಡಾಕ್ಟರಮ್ಮ, "ಅಂಥ ಹುಡುಗನಿಗೆ ಏನು ಮಾಡು ಅಂತೀರಿ?" ಎಂದು ಕೇಳಿದರು. "ಇರೋ ಕೂದಲನ್ನ ಚೆನ್ನಾಗಿ ನೋಡ್ಕೋ, ತಿಂಗಳಿಗೊಂದ್ಸಲ ಬಂದು ತೋರಿಸ್ಕೊಂಡು ಹೋಗು ಅಂತೀನಿ." "ನಾನೂ ನಿಮ್ಮ ಮಗಳಿಗೆ ಅದನ್ನೇ ಹೇಳೋದು" ಎಂದರು ಅವರು.

ಬಿ.ಪಿ. ಮಾತ್ರೆ ಶುರುವಾಗಿದೆ, ಬಸುರಿಯಾದರೂ ತೆಗೆದುಕೊಳ್ಳಬಹುದಾದದ್ದು. ತಿಂಗಳು ತಿಂಗಳು ತೋರಿಸಬೇಕು, ಏನಾದರೂ ಏರಿದರೆ ಅಲ್ಲಿಗೇ ನಿಲ್ಲಿಸಿ ಯೋಚಿಸಬೇಕು ಎಂದಿದ್ದಾರೆ. ಈ ತಿಂಗಳು ಬಿ.ಪಿ. ಹಿಡಿತಕ್ಕೆ ಬಂದರೆ ಮುಂದಿನ ತಿಂಗಳಿಂದ ನಮ್ಮ ದಾರಿ ನಮಗೆ ಬಿಟ್ಟದ್ದು.

ಅವತ್ತು ಬಸ್ಸು ಹತ್ತುವಾಗ ನೀವು ಬಾಗಿಲಲ್ಲಿ ನಿಂತು ಏನೋ ಹೇಳಲು ಹೊರಟಿರಿ. ಅಷ್ಟರಲ್ಲಿ ಬಸ್ಸು ಬಿಟ್ಟಿತು. ಏನದು? ಕಾಗದದಲ್ಲಾದರೂ ಬರೆಯಿರಿ.

ನಿಮ್ಮ
ಚೂಟಿ

ಅಕ್ಟೋಬರ್ 7

ಪ್ರೀತಿಯ ಅಪ್ಪ, ಅಮ್ಮ, ಇಬ್ಬರಿಗೂ,

ಅಪ್ಪನಿಗೆ ಮೊದಲು ಬೇಕಾದ ಸುದ್ದಿಯನ್ನು ಮೊದಲು ಬರೆಯುತ್ತೇನೆ. ನನ್ನ ಹೃದಯ ಚೆನ್ನಾಗಿದೆ. ನಿನ್ನೆ ಬೆಳಿಗ್ಗೆ ಮತ್ತೆ ಸ್ಕ್ಯಾನ್ ಮಾಡಿದರು. ಆ ಗೋಡೆಯ ಪ್ರೊಟೀನ್ ಏಪ್ರಿಲಿನಲ್ಲಿ ಇದ್ದಲ್ಲೇ ಇದೆ, ಇಳಿದಿಲ್ಲ, ಏರಿಯೂ ಇಲ್ಲ. ಬಿ.ಪಿ. ಹದ್ದುಬಸ್ತಿನಲ್ಲಿದೆ.

ಅಮ್ಮನಿಗೆ ಮೊದಲು ಬೇಕಾದ ಸುದ್ದಿ: ಅಲ್ಲಿಂದ ಮಧ್ಯಾಹ್ನ ಪಕ್ಕದ ಕೋಣೆಗೆ ಹೋದೆವು. ಅಲ್ಲಿ ಇನ್ನೊಂದು ಹೃದಯವನ್ನು ನೋಡಿದೆವು. ಮೂರು ತಿಂಗಳಾಗುತ್ತಿದೆ, ಎಲ್ಲ ಸರಿಯಾಗಿದೆ ಎಂದು ಖಾತ್ರಿಯಾಗಲಿ ಎಂದು ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಬೆಳಿಗ್ಗೆ ನೋಡಿದ ನನ್ನ ಹೃದಯಕ್ಕಿಂತ ಅದು ಎರಡರಷ್ಟು ವೇಗವಾಗಿ ಬಡಿದುಕೊಳ್ಳುತ್ತಿತ್ತು. ನಿಮ್ಮ ಅಳಿಯ ಚಿತ್ರ ಬರೆದುಕೊಳ್ಳಲು ಪೆನ್ಸಿಲ್ ತಂದಿದ್ದರು, ಪರದೆಯಿಂದ ಕಣ್ಣು ಕೀಳದೆ ಒಂದು ಗೆರೆಯನ್ನೂ ಎಳೆಯಲಿಲ್ಲ.

ಫೋರ್‌ಮನ್ ನನ್ನನ್ನು ವರ್ಕ್‌ಶಾಪಿನಲ್ಲಿ ಕೂರಿಸಿದ್ದಾರೆ. ಸ್ವಿಚ್ಚು, ವೈರು ಪರೀಕ್ಷೆ ಮಾಡುವ ಕೆಲಸ. ಎರಡು ವಾರಕ್ಕೊಮ್ಮೆ ಆಸ್ಪತ್ರೆ. ಮುಂದಿನ ತಿಂಗಳುಗಳು ಸುಲಭವಲ್ಲ ಎಂದು ಡಾಕ್ಟರಮ್ಮ ಮುಚ್ಚಿಡದೆ ಹೇಳಿದ್ದಾರೆ.

ಒಂದು ಮಾತು ಅಪ್ಪನಿಗೆ ಮಾತ್ರ. ನಿನ್ನೆಯಿಂದ ನನಗೂ ಆ ಹೆದರಿಕೆ ಹತ್ತಿದೆ. ಕೂತರೂ ನಿಂತರೂ ಒಳಗಿರುವುದು ಹೇಗಿದೆಯೋ ಎಂದು ಒಂದೇ ಯೋಚನೆ. ಇದನ್ನು ಹೊತ್ತುಕೊಂಡು ಇಪ್ಪತ್ತೈದು ವರ್ಷ ಜನರ ಕುತ್ತಿಗೆಗೆ ಅಷ್ಟು ನೆಟ್ಟಗೆ ಕತ್ತಿ ಹೇಗೆ ಹಿಡಿದಿರಿ?

ನಿಮ್ಮ
ಚೂಟಿ

ಅಕ್ಟೋಬರ್ 13

ನನ್ನ ಚೂಟಿಗೆ,

ಕಾಗದ ಬಂದಾಗ ಕುರ್ಚಿಯಲ್ಲಿ ಬೇಕರಿಯವನಿದ್ದ. ಒಂದು ಕೆನ್ನೆ ಆಗಿತ್ತು, ಇನ್ನೊಂದಕ್ಕೆ ನೊರೆ ಹಚ್ಚಿದ್ದೆ. ಓದಿದವನೇ ಅಮ್ಮನಿಗೆ ಹೇಳಲು ಓಡಿದೆ. ನಡುದಾರಿಯಲ್ಲಿ ತಿರುಗಿ ನೋಡಿದರೆ ಅರ್ಧ ಮುಖದ ನೊರೆಯೊಂದಿಗೆ ಅವನೂ ಹಿಂದೆಯೇ ಬರುತ್ತಿದ್ದಾನೆ. ನಿನಗೇ ಏನೋ ಆಗಿದೆ ಎಂದು ಅವನು ತಿಳಿದಿದ್ದನಂತೆ. ಅಮ್ಮ ಬಾಗಿಲು ತೆರೆದು ನಮ್ಮಿಬ್ಬರನ್ನು ನೋಡಿ ಮೊದಲು ಕಿರುಚಿದಳು, ಆಮೇಲೆ ಕಾಗದ ಓದಿದಳು. ಬೇಕರಿಯವನಿಗೆ ಉಳಿದರ್ಧವನ್ನು ನಮ್ಮ ಮನೆಯ ಅಂಗಳದಲ್ಲೇ ಮಾಡಿದೆ. ಕೈ ನೆಟ್ಟಗಿರಲಿಲ್ಲ, ಕಿವಿಯ ಹತ್ತಿರ ಸ್ವಲ್ಪ ತಾಗಿತು. ನಿನ್ನ ಪ್ರಶ್ನೆಗೆ ಇದೇ ಉತ್ತರ ಎಂದು ತಿಳಿ.

ಸಂಜೆಗೆ ಅಮ್ಮ ಉಣ್ಣೆ ತಂದಳು. "ಕೂಸು ಹುಟ್ಟೋಕೆ ಮುಂಚೆ ಕುಲಾವಿಯಾ?" ಎಂದು ಕೇಳಿದೆ. "ಆಡ್ಕೊಳ್ಳೋರು ಆಡ್ಕೊಳ್ಳಲಿ, ನನಗೆ ಹೆಣೆಯೋಕೆ ನಿಧಾನ ಆಗುತ್ತೆ" ಅಂದಳು. ಹಳದಿ ಬಣ್ಣ.

ಬಸ್ಸಿನ ಬಾಗಿಲಲ್ಲಿ ಹೇಳಹೊರಟದ್ದನ್ನು ಬರೆಯಲು ನಾಲ್ಕು ತಿಂಗಳಿಂದ ಪೆನ್ನು ಹಿಡಿಯುತ್ತಿದ್ದೇನೆ, ಇಡುತ್ತಿದ್ದೇನೆ. ನಿನ್ನನ್ನು ಕೊಟ್ಟು ಮೊಮ್ಮಗುವನ್ನು ತೆಗೆದುಕೊಳ್ಳುವುದಿಲ್ಲ ಎಂದು ಬರೆದಿದ್ದೆ. ನಿನಗೆ ನೋವಾಯಿತು, ಆದರೂ ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಿನ್ನನ್ನು ಕೊಡುವುದಿಲ್ಲ. ಮಗುವನ್ನೂ ಬಿಡುವುದಿಲ್ಲ. ನನಗೆ ಇಬ್ಬರೂ ಬೇಕು, ಚೂಟಿ. ಮಾರ್ಚಿನಲ್ಲಿ ಅಷ್ಟೊಂದು ಕೇಳಲು ನನಗೆ ಧೈರ್ಯವಿರಲಿಲ್ಲ. ಈಗ ಕೇಳುತ್ತಿದ್ದೇನೆ.

ನಿನ್ನ
ಅಪ್ಪ